ಮಗ್ಗ ನಿಂತ ದಿನ ಎಳೆದ ತಂತಿ

ದಸರೆಯ ಹಿಂದಿನ ದಿನ, ಆಯುಧಪೂಜೆಯ ಖಂಡೇನವಮಿಯ ಬೆಳಗಿನಲ್ಲಿ ಶಹಾಪುರದ ಜನರನ್ನು ಎಬ್ಬಿಸುವುದು ಮೌನ. ಇಚಲಕರಂಜಿಯ ಈ ಭಾಗದಲ್ಲಿ ವರ್ಷವಿಡೀ ಹಗಲೂ ರಾತ್ರಿ ಮಗ್ಗಗಳು ಬಡಿಯುತ್ತಿರುತ್ತವೆ. ಕೂಸುಗಳು ಆ ಸದ್ದಿನಲ್ಲೇ ಹುಟ್ಟಿ, ಆ ಸದ್ದಿನಲ್ಲೇ ನಿದ್ದೆ ಕಲಿಯುತ್ತವೆ. ಹಬ್ಬದ ಹಿಂದಿನ ರಾತ್ರಿ ಕೊನೆಯ ಪಾಳಿ ಮುಗಿದು ಒಂದೊಂದೇ ಶೆಡ್ಡು ತಣ್ಣಗಾದ ಮೇಲೆ, ಬೆಳಗಿನ ಹೊತ್ತಿಗೆ ಯಾರೋ ಊರಿಗೆಲ್ಲ ದುಪ್ಪಟಿ ಹೊದಿಸಿ ಹೋದ ಹಾಗಿರುತ್ತದೆ. ಸ್ನೇಹಲ ಎದ್ದು ಹಾಸಿಗೆಯಲ್ಲಿ ಕೂತು, ತನಗೂ ಅಪ್ಪನ ಹಾಗೆ ಕಿವಿ ಹೋಯಿತೇನೋ ಎಂದು ಒಂದು ಗಳಿಗೆ ಹೆದರಿದಳು. ಆಮೇಲೆ ಎಲ್ಲೋ ಹುಂಜ ಕೂಗಿತು. ಹಿಂದಿನ ಓಣಿಯ ನಲ್ಲಿಯಲ್ಲಿ ಕೊಡ ತುಂಬುವುದು ಕೇಳಿಸಿತು. ವರ್ಷಕ್ಕೊಮ್ಮೆ ಮಾತ್ರ ಕೇಳಿಸುವ ಸದ್ದುಗಳು ಅವು.

ಇವತ್ತು ಸಂಜೆಯೊಳಗೆ ಅಪ್ಪನನ್ನು ಒಪ್ಪಿಸಬೇಕು ಎಂಬುದು ಅದರ ಬೆನ್ನಿಗೇ ನೆನಪಾಯಿತು.

ಅವಳ ಅಪ್ಪ ಅಲ್ಲಪ್ಪ ಈಗ ಗಡಹಿಂಗ್ಲಜ ತಾಲೂಕಿನ ನೂಲದಲ್ಲಿ, ಮಗ ಬಾಳಗೊಂಡ ಮತ್ತು ಸೊಸೆ ರುತುಜಾಳ ಜೊತೆ ಇದ್ದ. ಮೂವತ್ತೈದು ವರ್ಷ ಇದೇ ಶಹಾಪುರದ ಶೆಡ್ಡುಗಳಲ್ಲಿ ಮಗ್ಗ ನಡೆಸಿ, ಕಿವಿಗಳೆರಡನ್ನೂ ಇಲ್ಲೇ ಬಿಟ್ಟು ಹೋದವನು. ಎಡಗಣ್ಣು ಅದಕ್ಕೂ ಮೊದಲು, ಮಗ್ಗದಿಂದ ಸಿಡಿದು ಬಂದ ಲಾಳಿ ತಾಗಿ ಹೋಗಿತ್ತು. ಉಳಿದದ್ದು ಬಲಗಣ್ಣೊಂದೇ. ಅದಕ್ಕೂ ಈಗ ಪೊರೆ ಬಂದಿತ್ತು. ದಸರೆಯ ಮರುದಿನ ಗಡಹಿಂಗ್ಲಜದಲ್ಲಿ ಪೊರೆ ತೆಗೆಸುವುದೆಂದು ಬಾಳಗೊಂಡ ಹೆಸರು ಬರೆಸಿ ಬಂದಿದ್ದ. ಅಲ್ಲಪ್ಪ ಒಲ್ಲೆ ಎಂದು ಕೂತುಬಿಟ್ಟ. ಯಾಕೆಂದರೆ ಹೇಳುವುದಿಲ್ಲ, ಗೋಡೆ ಕಡೆ ಮುಖ ಮಾಡುತ್ತಾನೆ. ಅವನಂಥವನ ಜೊತೆ ಜಗಳವಾಡುವುದೂ ಕಷ್ಟ. ಮುಖ ತಿರುಗಿಸಿದನೆಂದರೆ ಮಾತು ಮುಗಿದ ಹಾಗೇ. ಬರುತ್ತೀರೋ ಇಲ್ಲವೋ ಖಂಡೇನವಮಿಯ ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಮುಂದಿನ ಸರದಿ ದೀಪಾವಳಿ ಕಳೆದ ಮೇಲೆಯೇ, ಈ ಕಣ್ಣಿಗೆ ಅಷ್ಟು ತಡ ಒಳ್ಳೆಯದಲ್ಲ ಎಂದಿದ್ದರು ಡಾಕ್ಟರು. ಇಲ್ಲಿ ಸ್ನೇಹಲಳ ಅತ್ತೆಮನೆಯಲ್ಲಿ ನವರಾತ್ರಿಯ ಘಟ ಕೂತಿತ್ತು, ಅದನ್ನು ಬಿಟ್ಟು ಅವಳು ತವರಿಗೆ ಹೋಗುವಂತಿರಲಿಲ್ಲ. ನೀನೇ ಮಾತಾಡು, ನಿನ್ನದಾದರೆ ಕೇಳುತ್ತಾನೆ ಎಂದು ಬಾಳಗೊಂಡ ಹೇಳಿದ್ದ.

ಮಾತಾಡುವುದೆಂದರೆ ಅಪ್ಪನಿಗೆ ಫೋನು ಹಚ್ಚಿ ಹಲೋ ಎನ್ನುವುದಲ್ಲ. ಮಗ್ಗದ ಜನಕ್ಕೆ ಒಂದು ಬೇರೆಯದೇ ಮಾತಿದೆ. ಶೆಡ್ಡಿನ ಗದ್ದಲದಲ್ಲಿ ಎಷ್ಟು ಕೂಗಿದರೂ ಕೇಳಿಸದು, ಹಾಗಾಗಿ ಯಾರೂ ಕೂಗುವುದಿಲ್ಲ. ದನಿ ತೆಗೆಯದೆ ತುಟಿಯನ್ನಷ್ಟೇ ಅಗಲಿಸಿ, ಹಿಗ್ಗಿಸಿ, ಕೈಯಿಂದ ಸ್ವಲ್ಪ ಸನ್ನೆ ಸೇರಿಸಿ ಆಡುತ್ತಾರೆ. ಹತ್ತು ಮಗ್ಗದಾಚೆ ನಿಂತವನೂ ಓದಿಕೊಳ್ಳುತ್ತಾನೆ. ಅಪ್ಪ ಮತ್ತು ಸ್ನೇಹಲ ಹೀಗೇ ಮಾತಾಡಿಕೊಂಡು ಬಂದವರು. ಕಿವಿ ಹೋದದ್ದು ಅವರಿಬ್ಬರ ನಡುವೆ ಅಂಥ ದೊಡ್ಡ ಸಂಗತಿ ಆಗಿರಲೇ ಇಲ್ಲ. ಆದರೆ ಅದಕ್ಕೆ ಮುಖ ಕಾಣಬೇಕು. ಪೊರೆ ಬಂದ ಮೇಲೆ ಫೋನಿನ ಚಿಕ್ಕ ಪರದೆ ಅವನಿಗೆ ಸಾಲದಾಗಿ, ಬಾಳಗೊಂಡ ಫೋನಿನ ಚಿತ್ರ ಟೀವಿಯಲ್ಲಿ ಬರುವಂತೆ ಮಾಡಿದ್ದ. ಈಗ ತೊಡಕೆಲ್ಲ ಸ್ನೇಹಲಳ ಕಡೆಯದು. ಇಲ್ಲಿಂದ ಹೋಗುವ ಚಿತ್ರ ಒಡೆದು ಚೂರಾಗಿ, ಅವಳ ತುಟಿ ಒಂದು ಅಕ್ಷರದ ಮೇಲೆ ನಿಂತುಬಿಡುತ್ತಿತ್ತು. ಮಗಳು ಬಾಯಿ ತೆರೆದುಕೊಂಡು ಯಾಕೆ ಸುಮ್ಮನೆ ನಿಂತಳೆಂದು ಅಪ್ಪ ಕಾಯುತ್ತಿದ್ದ. ಆಮೇಲೆ ಕಾಯುವುದನ್ನೂ ಬಿಟ್ಟ.

ಅವಳ ಗಂಡನ ಮನೆ ಇದ್ದ ಜಾಗ ಅಂಥದ್ದು. ರಸ್ತೆಗೆ ಹತ್ತಿಕೊಂಡು ಆಫೀಸಿನ ಕೋಣೆ, ಅದರ ಹಿಂದೆ ಇಪ್ಪತ್ತನಾಲ್ಕು ಮಗ್ಗದ ಶೆಡ್ಡು, ಶೆಡ್ಡಿನ ಹಿಂದೆ ಮನೆ. ಮೇಲೆ ಮತ್ತು ಎರಡೂ ಬದಿಗೆ ತಗಡು. ಮೊಬೈಲಿನ ಸಿಗ್ನಲ್ಲು ಮನೆಯೊಳಗೆ ಸರಿಯಾಗಿ ಬರುತ್ತಿರಲಿಲ್ಲ. ಬಿಲ್ಲು ಮಾಡಲೆಂದು ಆಫೀಸಿಗೆ ತೆಗೆದುಕೊಂಡ ಇಂಟರ್ನೆಟ್ಟಿನ ವೈಫೈ ನಾಲ್ಕನೆಯ ಮಗ್ಗದವರೆಗೆ ಬಂದು ಅಲ್ಲೇ ಸತ್ತುಹೋಗುತ್ತಿತ್ತು.

ಸ್ನೇಹಲ ಮೂರು ತಿಂಗಳಿಂದ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಆರರಿಂದ ಎಂಟರವರೆಗೆ, ದಿನವಿಡೀ ಲಾಳಿಯ ಕಾಂಡಿಗೆ ನೂಲು ಸುತ್ತಿದ ಕೈಯನ್ನು ತೊಳೆದುಕೊಂಡು. ಕಲಿಸುವ ತಾನಾಜಿ ಸರ್ ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಅವಳು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಬರೆದದ್ದು ಸರಿಯೋ ತಪ್ಪೋ ಎಂದು ಮನೆಗೆ ಬಂದು ಮತ್ತೆ ಓದುತ್ತಿದ್ದಳು. ಸಿಗ್ನಲ್ಲೆಂದರೆ ನೀರಿದ್ದ ಹಾಗೆ, ಗೋಡೆ ಕುಡಿಯುತ್ತದೆ, ತಗಡಿಗೆ ಬಡಿದರೆ ಹೊರಳಿ ಬರುತ್ತದೆ ಎಂದಿದ್ದರು ಸರ್. ಆದ್ದರಿಂದ ಆಫೀಸಿನಿಂದ ಮನೆಯವರೆಗೆ ಕೇಬಲ್ಲು ಎಳೆದು, ಮನೆಯಲ್ಲಿ ಎರಡನೆಯ ರೌಟರು ಕೂರಿಸಬೇಕು. ಒಂದೇ ಇಂಟರ್ನೆಟ್ಟು, ಎರಡು ಕಡೆ ಹಂಚಿಕೆ. ಹೇಳುವಾಗ ಇಷ್ಟೇ. ಕೊಲ್ಲಾಪುರದಿಂದ ತರಿಸಿದ ರೌಟರು ಎರಡು ವಾರ ಕಪಾಟಿನಲ್ಲೇ ಇತ್ತು. ಮಗ್ಗ ತಿರುಗುವಾಗ ಶೆಡ್ಡಿನಲ್ಲಿ ಏಣಿ ಹಾಕುವಂತಿಲ್ಲ, ಖಂಡೇನವಮಿಗೆ ನಿಂತಾಗ ಎಳೆದುಕೋ ಎಂದಿದ್ದ ಗಂಡ ಅಮೋಲ. ಬೇರೆ ಯಾರನ್ನಾದರೂ ಕರೆಸೋಣವೇ ಎಂದೂ ಕೇಳಿದ್ದ. ಬೇಡ ಎಂದಿದ್ದಳು. ಅಂದ ಮರುಗಳಿಗೆಯಿಂದ ಇವತ್ತಿನವರೆಗೆ ನೋಟುಬುಕ್ಕನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಲೇ ಇದ್ದಳು.

ಬೆಳಗಿನ ಎಂಟಕ್ಕೆ ಇಬ್ಬರೂ ಶೆಡ್ಡಿಗಿಳಿದರು. ತಗಡಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದು ಬಂದಿದ್ದವು. ಅರಳೆಯ ಎಳೆಗಳು ಅವುಗಳೊಳಗೆ ನಿಧಾನಕ್ಕೆ ಏಳುತ್ತ, ಇಳಿಯುತ್ತ, ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಅರ್ಧ ನೇಯ್ದ ಬಟ್ಟೆ ಮಗ್ಗಗಳ ಮೇಲೆ ಹಾಗೇ ನಿಂತಿತ್ತು. ದನಿ ತೆಗೆದರೆ ಏನಾದರೂ ಎಚ್ಚರಗೊಂಡೀತು ಎಂಬಂತೆ, ಮೌನದ ಶೆಡ್ಡಿನಲ್ಲೂ ಗಂಡಹೆಂಡಿರು ತುಟಿಯಲ್ಲೇ ಮಾತಾಡಿದರು. ಅಮೋಲ ಏಣಿ ಹಿಡಿದ, ಸ್ನೇಹಲ ಹತ್ತಿದಳು. ತೊಲೆಗೆ ಕ್ಲಿಪ್ಪು ಬಡಿಯುತ್ತ, ನೀಲಿ ಕೇಬಲ್ಲನ್ನು ಮಗ್ಗದಿಂದ ಮಗ್ಗಕ್ಕೆ ದಾಟಿಸುತ್ತ ಹೋದಳು. ಇಡೀ ಶೆಡ್ಡು ಒಂದೇ ದೊಡ್ಡ ಮಗ್ಗವಾಗಿ, ತಾನು ಅದರಲ್ಲಿ ಒಂದೇ ಒಂದು ಎಳೆ ನೀಲಿ ಹಾಸು ಹೂಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತು. ಇದರಲ್ಲಿ ನೇಯುವ ಹೊಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ತಗಡನ್ನು, ಕಾಗಲದ ಹೆದ್ದಾರಿಯನ್ನು, ಕಬ್ಬಿನ ಹೊಲಗಳನ್ನು ದಾಟಿ ನೂಲದ ಒಂದು ಪಡಸಾಲೆಯಲ್ಲಿ ಮುಖವಾಗಿ ಮೂಡುತ್ತದೆ. ಹೀಗೆ ಯೋಚಿಸುತ್ತ ಅವಳು ಒಂದು ಕ್ಲಿಪ್ಪನ್ನು ಕೆಳಗೆ ಬೀಳಿಸಿದಳು. ಅದು ನೆಲಕ್ಕೆ ತಾಗಿದ ಸದ್ದು ಗುಡಿಯ ಗಂಟೆಯಷ್ಟು ದೊಡ್ಡದಾಗಿ ಕೇಳಿಸಿತು.

ಕೇಬಲ್ಲಿನ ತುದಿಗೆ ಪಿನ್ನು ಹಾಕುವುದು ಸೂಕ್ಷ್ಮದ ಕೆಲಸ. ಒಳಗೆ ಎಂಟು ಎಳೆ, ಎಂಟು ಬಣ್ಣ, ಅವಕ್ಕೊಂದು ಸಾಲು. ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ ಎಂದು ಜಪಿಸುತ್ತ, ಹಾಸಿನ ನೂಲನ್ನು ಫಣಿಯ ಹಲ್ಲುಗಳಿಗೆ ಪೋಣಿಸುವ ಹಾಗೆ ಪೋಣಿಸಿದಳು. ಮೊದಲ ಸಲ ಎರಡು ಎಳೆ ಅದಲುಬದಲಾದವು. ಕತ್ತರಿಸಿ ಮತ್ತೆ ಮಾಡಿದಳು. ಸರಿಯಾದ ಮೇಲೂ ನಂಬಿಕೆ ಬಾರದೆ ನೋಟುಬುಕ್ಕು ತೆರೆದು ಮೂರು ಸಲ ತಾಳೆ ನೋಡಿದಳು. ಅಷ್ಟು ಸಲ ಬಸವಣ್ಣನ ಗುಡಿ ಸುತ್ತಿದ್ದರೆ ಪುಣ್ಯವಾದರೂ ಬರುತ್ತಿತ್ತು ಎಂದ ಅಮೋಲ.

ಅಷ್ಟರಲ್ಲಿ ಪೂಜೆಯ ಹೊತ್ತಾಯಿತು. ಮಾವ ಭೀಮಗೊಂಡ ತೀರಿಹೋದ ಮೇಲೂ ಅತ್ತೆ ಅಕ್ಕವ್ವ ಖಂಡೇನವಮಿಯನ್ನು ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ಮೊದಲ ಮಗ್ಗದ ಮುಂದೆ ಮಣೆ ಹಾಕಿ, ಅದರ ಮೇಲೆ ಲಾಳಿ, ಕತ್ತರಿ, ನಟ್ಟು ಬಿಗಿಯುವ ಪಾನೆ, ತಕ್ಕಡಿ, ಅಡುಗೆಮನೆಯ ಈಳಿಗೆ, ಮಿಕ್ಸರು ಎಲ್ಲವನ್ನೂ ಸಾಲಾಗಿ ಇಡಿಸಿದ್ದಳು. ವಿಭೂತಿ, ಕುಂಕುಮ, ಚೆಂಡುಹೂವು. ಸ್ನೇಹಲ ಆ ಸಾಲನ್ನು ನೋಡಿದಳು. ಹೊಸ ಯಂತ್ರ ಮನೆಗೆ ಬಂದಿರುವಾಗ ಅದೊಂದನ್ನೇ ಬಿಟ್ಟರೆ ಹೇಗೆ, ಬಿಟ್ಟದ್ದಕ್ಕೇ ಸಂಜೆ ಏನಾದರೂ ಕೆಟ್ಟರೆ ಏನು ಗತಿ ಎಂದು ಓಡಿಹೋಗಿ ರೌಟರನ್ನು ತಂದು ಮಿಕ್ಸರಿನ ಪಕ್ಕ ಇಟ್ಟಳು. ಅದಕ್ಕೂ ವಿಭೂತಿ ಬಿತ್ತು. ಆಂಟೆನಾದ ಎರಡು ಕೊಂಬಿನ ನಡುವೆ ಚೆಂಡುಹೂವು ಕೂತಿತು. ಅಮೋಲ ಆರತಿ ಬೆಳಗಿ ಕಾಯಿ ಒಡೆದ. ಎಲ್ಲರೂ ಕೈಮುಗಿದರು.

ಕೈಮುಗಿದು ಕಣ್ಣು ತೆರೆದ ಮೇಲೆಯೇ ಸ್ನೇಹಲಳಿಗೆ ಹೊಳೆದದ್ದು. ಖಂಡೇನವಮಿಗೆ ಪೂಜೆಗೆ ಕೂತ ಯಂತ್ರವನ್ನು ಮರುದಿನ ಬೆಳಗಿನವರೆಗೆ ಮುಟ್ಟುವಂತಿಲ್ಲ. ಅದು ಈ ಮನೆಯ ಕಟ್ಟು. ಅದಕ್ಕೆಂದೇ ಚಟ್ನಿಯನ್ನು ಹಿಂದಿನ ದಿನವೇ ಅರೆದಿಟ್ಟಿರುತ್ತಾರೆ. ಕೇಬಲ್ಲಿನ ಅಳತೆ, ಕ್ಲಿಪ್ಪುಗಳ ಎಣಿಕೆ, ಪಾಸ್‌ವರ್ಡು ಎಲ್ಲವನ್ನೂ ಬರೆದುಕೊಂಡವಳು ಇದೊಂದನ್ನು ಮರೆತಿದ್ದಳು. ಯಾರೂ ಹೇಳಿರಲಿಲ್ಲ, ತಾನೇ ಕೈಯಾರೆ ತಂದು ಇಟ್ಟಿದ್ದಳು. ಅವಳ ಮುಖ ನೋಡಿ ಅಮೋಲನಿಗೂ ಅರ್ಥವಾಯಿತು. ಆಫೀಸಿನ ಬಾಗಿಲಲ್ಲೇ ಫೋನು ಹಿಡಿದು ನಿಂತರಾಗದೇ ಎಂದ. ಆಗಬಹುದಿತ್ತು; ಆದರೆ ಅಲ್ಲಿ ರಸ್ತೆ, ಹಬ್ಬದ ಸ್ಪೀಕರು, ಹೋಗಿಬರುವವರು. ಅಂಥಲ್ಲಿ ನಿಂತು ಕೇಳಿದರೆ ಮನೆಯವರಿಗೇ ಹೇಳದ್ದನ್ನು ಅಪ್ಪ ಹೇಳಿಯಾನೆ?

ಕೊನೆಗೆ ಅವಳೇ ಅತ್ತೆಯ ಮುಂದೆ ಹೋಗಿ ನಿಂತಳು. ತಪ್ಪಾಯಿತೆಂದೂ, ಅಪ್ಪನ ಕಣ್ಣಿನ ವಿಷಯ ಹೀಗಿದೆಯೆಂದೂ ತಡವರಿಸುತ್ತ ಹೇಳಿದಳು. ಅಕ್ಕವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. ಕೇಳಿ ಮುಗಿಸಿ, ಸಾಲಿನಲ್ಲಿ ಹೂ ಮುಡಿದು ಕೂತ ರೌಟರನ್ನು ಸ್ವಲ್ಪ ಹೊತ್ತು ನೋಡಿದಳು.

"ಈ ಡಬ್ಬಿ ಇಲ್ಲೀತನಕಾ ಎಷ್ಟ ದಿನ ದುಡದೈತಿ?"

"ಒಂದ ದಿನಾನೂ ಇಲ್ರಿ ಅತ್ತಿ. ಇನ್ನಾ ಕರೆಂಟಿಗೇ ಹಚ್ಚಿಲ್ಲ."

"ವರ್ಷಗಟ್ಲೆ ದುಡದದ್ದಕ್ಕ ಇವತ್ತ ಸೂಟಿ. ಮಗ್ಗ ದುಡದಾವ, ಮಿಕ್ಸರ್ ದುಡದೈತಿ, ಮಲಗಲಿ. ಇದು ಇವತ್ತ ಹುಟ್ಟೇತಿ. ಹುಟ್ಟಿದ ಕೂಸು ಅಳಬೇಕವಾ. ಸುಮ್ನಿದ್ರ ಹೆದರಿಕಿ." ಹೀಗೆಂದು ಬತ್ತಿಯ ಕಡೆ ತಿರುಗಿದವಳು, ಮತ್ತೆ ತಲೆಯೆತ್ತದೆ ಸೇರಿಸಿದಳು. "ಹೂವ ತಗೀಬ್ಯಾಡ."

ಹಾಗಾಗಿ ಆ ರೌಟರು ಚೆಂಡುಹೂವಿನ ಸಮೇತ ಕರೆಂಟಿಗೆ ಹತ್ತಿತು.

ಮಧ್ಯಾಹ್ನದ ಹೋಳಿಗೆಯ ಊಟ ಮುಗಿದು ಓಣಿಗೆ ಓಣಿಯೇ ಮಲಗಿತ್ತು. ಸ್ನೇಹಲ ಪಡಸಾಲೆಯ ನೆಲದ ಮೇಲೆ ಕೂತು, ಹಳೆಯ ಲ್ಯಾಪ್‌ಟಾಪಿನಿಂದ ರೌಟರಿಗೆ ಅದರ ಕೆಲಸ ಹೇಳಿಕೊಡುತ್ತಿದ್ದಳು. ಮನೆಯೊಳಗಿನ ಪ್ರತಿ ಫೋನಿಗೂ ಟೀವಿಗೂ ಒಂದೊಂದು ನಂಬರು ಹಂಚಬೇಕು. ಆಫೀಸಿನ ರೌಟರು ಆ ಕೆಲಸವನ್ನು ಮೊದಲೇ ಮಾಡುತ್ತಿದೆ. ಇದೂ ಹಂಚಲು ಹೊರಟರೆ ಇಬ್ಬರು ಯಜಮಾನರಾಗಿ ಯಾರ ಮಾತೂ ನಡೆಯುವುದಿಲ್ಲ. ಆದ್ದರಿಂದ ಹೊಸದಕ್ಕೆ ಹಂಚುವ ಅಧಿಕಾರವನ್ನು ತೆಗೆದು, ಬಂದದ್ದನ್ನು ಸುಮ್ಮನೆ ಮುಂದಕ್ಕೆ ದಾಟಿಸುವ ಕೆಲಸವನ್ನಷ್ಟೇ ಉಳಿಸಬೇಕು. ಹಳೆಯದಕ್ಕೆ ಕೊಟ್ಟ ಹೆಸರನ್ನೇ ಇದಕ್ಕೂ ಕೊಟ್ಟಳು, ಅದೇ ಪಾಸ್‌ವರ್ಡು ಹಾಕಿದಳು. ಉಳಿಸು ಎನ್ನುವಲ್ಲಿ ಒತ್ತಿದಳು. ದೀಪಗಳೆಲ್ಲ ಆರಿದವು. ಎಲ್ಲ ಕೆಡಿಸಿದೆ ಎಂದುಕೊಂಡಳು. ಮೊಣಕಾಲಿಗೆ ಹಣೆ ಹಚ್ಚಿ ಕೂತಳು. ತಲೆ ಎತ್ತಿದಾಗ ಚೆಂಡುಹೂವಿನ ಕೆಳಗೆ ಹಸಿರು ದೀಪವೊಂದು, ನಿದ್ದೆಯಲ್ಲಿ ಉಸಿರಾಡುವವರ ಎದೆಯಂತೆ, ಬೆಳಗಿ ಆರಿ ಬೆಳಗಿ ಆರಿ ಮಾಡುತ್ತಿತ್ತು.

ಆಮೇಲೆ ಅವಳು ಫೋನು ಹಿಡಿದು ಮನೆಯೆಲ್ಲ ನಡೆದಳು. ಪಡಸಾಲೆಯಲ್ಲಿ ಸಿಗ್ನಲ್ಲು ತುಂಬಿತ್ತು. ಅಡುಗೆಮನೆಯಲ್ಲೂ ಇತ್ತು. ಟೀವಿ ಇದ್ದ ಮೂಲೆಯಲ್ಲಿ ಮಾತ್ರ ಸೊರಗುತ್ತಿತ್ತು. ನಡುವೆ ಕಬ್ಬಿಣದ ಕಪಾಟು ನಿಂತಿದೆ ಎಂದು ತಿಳಿಯಲು ಹತ್ತು ನಿಮಿಷ ಹಿಡಿಯಿತು. ರೌಟರನ್ನು ಕಪಾಟಿನ ತಲೆಯ ಮೇಲೇರಿಸಿದಳು. ಅಲ್ಲಿಂದ ಅದು ಇಡೀ ಮನೆಯನ್ನು ನೋಡುತ್ತ ಕೂತಂತೆ ಕಾಣುತ್ತಿತ್ತು. ಕಾಣದ ಏನೋ ಒಂದು ಮನೆಯ ತುಂಬ ಹರಡಿ, ಪಾತ್ರೆಗಳ ಸುತ್ತ, ಘಟದಲ್ಲಿ ಮೊಳೆತ ಸಸಿಗಳ ಸುತ್ತ, ಮಲಗಿದ ಅಮೋಲನ ಕೂದಲ ಸುತ್ತ ಸುಳಿಯುತ್ತಿದೆ ಎಂದು ಅವಳಿಗೆ ಅನಿಸಿತು. ಅದು ನಿಲ್ಲುವ ಮೊದಲು ಅಪ್ಪನನ್ನು ಮಾತಾಡಿಸಬೇಕು.

ನಾಲ್ಕು ಗಂಟೆಗೆ ಕರೆ ಮಾಡಿದಳು. ಅಷ್ಟೊತ್ತಿಗೆ ಎದ್ದಿದ್ದ ಅಮೋಲ, ಮಾವ ನಮಗೂ ದೊಡ್ಡದಾಗಿ ಕಾಣಲಿ ಎಂದು ಚಿತ್ರವನ್ನು ಟೀವಿಗೆ ಹಾಕಿದ. ಅಲ್ಲಪ್ಪನ ಮುಖ ಪರದೆಯ ತುಂಬ ಬಂತು. ಹಣೆಯ ವಿಭೂತಿ, ಬಿಳಿಯ ಮೀಸೆ, ಮುಚ್ಚಿದ ಎಡಗಣ್ಣು, ಮೋಡ ಕವಿದ ಬಲಗಣ್ಣು. ಅವನ ಹಿಂದೆ ರುತುಜಾ ನಿಂತಿದ್ದಳು. ಅವನು ಮುಂದಕ್ಕೆ ಬಾಗಿ ನೂಲದ ಟೀವಿಯಲ್ಲಿ ಮಗಳನ್ನು ಹುಡುಕಿದ. ಕಂಡಳು. ಕಂಡದ್ದು ಅವನ ಮುಖದಲ್ಲಿ ಗೊತ್ತಾಯಿತು.

ಸ್ನೇಹಲ ದನಿ ತೆಗೆಯಲಿಲ್ಲ. ಇದು ತನ್ನ ಮತ್ತು ಅಪ್ಪನ ನಡುವಿನದು, ಉಳಿದವರಿಗೆ ಗೊತ್ತಾಗುವುದು ಬೇಡ ಎಂದು ತುಟಿಯನ್ನಷ್ಟೇ ಆಡಿಸಿದಳು. ಯಾಕೆ ಒಲ್ಲೆ ಅಂತೀ, ನನಗಾದರೂ ಹೇಳು ಎಂದಳು. ಅವನು ಮೊದಲು, ಮಗಳನ್ನು ಎಂದಿನಂತೆ ತಂಗಿ ಎಂದು ಕರೆದು, ಹೋಳಿಗೆ ಮಾಡಿದಿರಾ ಎಂದು ಕೇಳಿದ. ಮಗ್ಗ ನಿಂತಾವಾ ಎಂದ. ಅವಳು ಬಿಡದೆ ಮತ್ತೆ ಕೇಳಿದಳು. ಅಲ್ಲಪ್ಪ ಹಿಂದೆ ನಿಂತ ಸೊಸೆಗೆ ಕಾಣದಂತೆ ಮುಖವನ್ನು ಇನ್ನಷ್ಟು ಪರದೆಯ ಹತ್ತಿರ ತಂದ. ತುಟಿ ನಿಧಾನಕ್ಕೆ ತೆರೆಯಿತು, ಮುಚ್ಚಿತು. ಒಂದು ಅಕ್ಷರವೂ ಒಡೆಯಲಿಲ್ಲ.

"ಒಂದ ಕಣ್ಣ ಐತಿ. ಅದನ್ನ ಕಟ್ಟತಾರ. ಮರದಿನಾ ಬಿಚ್ಚತಾರಂತ. ಆ ಒಂದ ರಾತ್ರಿ ಕಿವಿನೂ ಇಲ್ಲ, ಕಣ್ಣೂ ಇಲ್ಲ. ಯಾರ ಅದಾರ, ಯಾರ ಎದ್ದ ಹೋದ್ರು, ಹೆಂಗ ತಿಳೀಬೇಕು? ಬಾವ್ಯಾಗ ಬಿದ್ದಂಗ ಅಕ್ಕೈತಿ. ನಂಗ ಅಂಜಿಕಿ ಬರತೈತಿ ತಂಗಿ. ಬಾಳಗೊಂಡನ ಮುಂದ ಹೇಳಬ್ಯಾಡ, ನಗತಾನ."

ಸ್ನೇಹಲ ಏನು ಹೇಳಿದರೂ ಅದು ಕಣ್ಣಿದ್ದವರ ಮಾತಾಗುತ್ತಿತ್ತು. ಸಮಾಧಾನದ ಮಾತುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು, ಅವೆಲ್ಲ ಬೇರೆ ಯಾವುದೋ ಹೆದರಿಕೆಗೆ ಬರೆದವು. ಅವಳು ನೋಟುಬುಕ್ಕು ಮುಚ್ಚಿದಳು. ಆಗ ಬೆನ್ನ ಹಿಂದೆ ಅಕ್ಕವ್ವನ ದನಿ ಕೇಳಿತು.

"ಅಂಜೂದು ಖರೇನ ಐತಿ, ನಗೂದೇನೈತಿ ಅದರಾಗ?"

ಸ್ನೇಹಲ ತಿರುಗಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. ಟೀವಿಯ ಪಕ್ಕ ಅಮೋಲ ತಲೆ ತಗ್ಗಿಸಿಕೊಂಡಿದ್ದ. ಈ ಮನೆಯವರೆಲ್ಲ ಶೆಡ್ಡಿನಲ್ಲೇ ಬೆಳೆದವರು, ಅತ್ತೆ ನಲವತ್ತು ವರ್ಷ ಮಗ್ಗಗಳ ನಡುವೆ ಕಾಂಡಿ ಸುತ್ತಿದವಳು, ಸದ್ದಿಲ್ಲದ ಮಾತು ಶಹಾಪುರದಲ್ಲಿ ಗುಟ್ಟಲ್ಲ ಎಂಬುದನ್ನು ಅಪ್ಪನ ಮುಖ ಕಂಡ ಆತುರದಲ್ಲಿ ಅವಳು ಮರೆತೇಬಿಟ್ಟಿದ್ದಳು. ಗೋಡೆಯಷ್ಟಗಲದ ಪರದೆಯಲ್ಲಿ ಅಪ್ಪ ತನ್ನ ಅಂಜಿಕೆಯನ್ನು ಎಲ್ಲರೆದುರು ಹೇಳಿಕೊಂಡಿದ್ದ. ಅವಳಿಗೆ ನೆಲ ಬಿರಿಯಬಾರದೇ ಎನಿಸಿತು.

ಅಕ್ಕವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಫೋನಿನ ಮುಂದೆ ನಿಂತಳು. ಅವಳ ತುಟಿಯ ಮಾತು ಹಳೆಯ ಕಾಲದ್ದು, ಅಗಲವಾದದ್ದು.

"ಬೀಗರ, ನಾ ಓದೇನಿ. ಸಿಟ್ಟಾಗಬ್ಯಾಡ್ರಿ. ಒಂದ ಕೇಳ್ತೇನಿ. ನೀವು ಮಗ್ಗದ ಕಡೆ ಮಾರಿ ಮಾಡಿ ನಿಂತಾಗ, ಹಿಂದಿಂದ ಬಂದವರು ನಿಮ್ಮನ್ನ ಹೆಂಗ ಕರೀತಿದ್ರು? ಆವಾಗೂ ಕಿವಿ ಕೇಳ್ತಿರಲಿಲ್ಲ, ಬೆನ್ನಿಗೆ ಕಣ್ಣೂ ಇರಲಿಲ್ಲ."

ಅಲ್ಲಪ್ಪನ ಮುಖ ಕೆಂಪಾಗಿತ್ತು. ಆಮೇಲೆ ಕೈ ಎತ್ತಿ ತನ್ನದೇ ಭುಜವನ್ನು ಬೆರಳಿಂದ ತಟ್ಟಿಕೊಂಡ. ಒಂದು ಸಲ ತಟ್ಟಿದರೆ ಎಳೆ ಹರಿದಿದೆ, ಎರಡು ಸಲ ತಟ್ಟಿದರೆ ಚಹಾ ಬಂದಿದೆ, ಬೆನ್ನಿನ ಮೇಲೆ ಉದ್ದಕ್ಕೆ ಬೆರಳು ಎಳೆದರೆ ಶೆಡ್ಡಿನ ಮಾಲೀಕ ಶೇಟ್ ಬಂದಿದ್ದಾನೆ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿ ಹೊರಬಂತು. ತನ್ನ ದನಿಯ ಅಳತೆ ಅವನಿಗೆ ಗೊತ್ತಾಗುವುದಿಲ್ಲ, ಇಡೀ ಪಡಸಾಲೆ ತುಂಬಿತು.

ಹಾಗಾದರೆ ರುತುಜಾ ತಟ್ಟಲಿ, ನೀವು ಕಣ್ಣು ಮುಚ್ಚಿ ನೋಡಿರಿ ಎಂದಳು ಅಕ್ಕವ್ವ, ರುತುಜಾಳಿಗೂ ಕೇಳಲೆಂದು ದನಿ ತೆಗೆದು. ಅವನು ಒಂದು ಗಳಿಗೆ ಯೋಚಿಸಿ ಕಣ್ಣು ಮುಚ್ಚಿದ. ರುತುಜಾ ನಗು ತಡೆಯುತ್ತ ಮಾವನ ಭುಜಕ್ಕೆ ಎರಡು ಸಲ ತಟ್ಟಿದಳು. "ಚಹಾ," ಎಂದ ಅಲ್ಲಪ್ಪ, ಕಣ್ಣು ಮುಚ್ಚಿಕೊಂಡೇ. "ಸಕ್ಕರಿ ಭಾಳ ಹಾಕಬ್ಯಾಡ." ಅವಳು ಬೆನ್ನಿಗೆ ಬೆರಳು ಎಳೆದಳು. "ಶೇಟ್. ಬೀಡಿ ಬಿಸಾಕ್ರಿ." ಇಲ್ಲಿ ಅಮೋಲ ನಕ್ಕ, ಅಲ್ಲಿ ಕಾಣದೆ ಎಲ್ಲೋ ನಿಂತಿದ್ದ ಬಾಳಗೊಂಡನೂ ನಕ್ಕದ್ದು ಕೇಳಿಸಿತು. ಆ ನಗುವಿನಲ್ಲಿ ಅಪ್ಪ ಹೆದರಿದ್ದ ನಗು ಇರಲಿಲ್ಲ.

ಅಲ್ಲಪ್ಪ ಕಣ್ಣು ತೆರೆದು ಮಗಳನ್ನು ನೋಡಿದ. ಮತ್ತೆ ತುಟಿಯ ಮಾತಿಗೆ ಇಳಿದ. "ನೀ ಸಣ್ಣಾಕಿದ್ದಾಗ ಬುತ್ತಿ ತರತಿದ್ದಿ. ನಿಂಗ ಭುಜ ನಿಲಕತಿರಲಿಲ್ಲ. ಇಡೀ ಅಂಗೈ ನನ್ನ ಬೆನ್ನ ಮ್ಯಾಲ ಇಟ್ಟ ಸುಮ್ಮ ನಿಂದರತಿದ್ದಿ. ನಾ ತಿರಗೂತನಕಾ ತಗೀತಿರಲಿಲ್ಲ. ಹಂಗ ಬ್ಯಾರೆ ಯಾರೂ ಮಾಡತಿರಲಿಲ್ಲ."

ಅವಳಿಗೆ ನೆನಪಿರಲಿಲ್ಲ. ಆದರೂ ಅಂಗೈಯಲ್ಲಿ ಬೆವರಿಗೆ ಅಂಟಿದ ಅಂಗಿಯ ಬಿಸಿ ಸುಳಿದ ಹಾಗಾಯಿತು. ನಾಳೆ ಘಟ ಏಳುತ್ತದೆ, ಸಂಜೆ ಬನ್ನಿ ಕೊಟ್ಟು ಬಸ್ಸು ಹತ್ತು, ನಾಡದ್ದು ರಾತ್ರಿ ಅವರ ಹತ್ತಿರ ನೀನೇ ಕೂಡು ಎಂದಳು ಅಕ್ಕವ್ವ, ಯಾರೂ ಕೇಳದಿದ್ದರೂ. ಸ್ನೇಹಲ ಅಪ್ಪನಿಗೆ ಬರುತ್ತೇನೆ ಎಂದಳು. ಇಡೀ ರಾತ್ರಿ ಕೈ ತೆಗೆಯುವುದಿಲ್ಲ ಎಂದಳು. ಅಲ್ಲಪ್ಪ ಅವಳ ತುಟಿಯನ್ನು ಕೊನೆಯವರೆಗೂ ಓದಿ, ಹೂಂ ಎಂದು ತಲೆಯಾಡಿಸಿ, ಮತ್ತೊಮ್ಮೆ ಕಣ್ಣು ಮುಚ್ಚಿದ. ಈ ಸಲ ಯಾರೂ ಮುಚ್ಚು ಎಂದಿರಲಿಲ್ಲ. ಕತ್ತಲೆಯನ್ನು ಇಷ್ಟಿಷ್ಟೇ ರುಚಿ ನೋಡುವವನಂತೆ ಕೂತ. ಪಕ್ಕದಿಂದ ಬಾಳಗೊಂಡ ಆಸ್ಪತ್ರೆಗೆ ಫೋನು ಹಚ್ಚಿ, ಹೌದ್ರಿ, ನಾಡದ್ದು ಬರ್ತೇವಿ, ಹೆಸರು ಹಂಗ ಇರಲಿ ಎನ್ನುವುದು ಕೇಳಿಸಿತು. ಅಲ್ಲಪ್ಪನಿಗೆ ಮಾತ್ರ ಅದು ತಿಳಿಯಲಿಲ್ಲ. ಅವನಿಗೆ ತಿಳಿಸಲು ರುತುಜಾ ಬೆರಳು ಎತ್ತಿದಳು. ಇದಕ್ಕೆ ಎಷ್ಟು ಸಲ ತಟ್ಟಬೇಕೆಂದು ಗೊತ್ತಾಗದೆ ಪರದೆಯ ಕಡೆ ನೋಡಿದಳು.

ಸ್ನೇಹಲ ತನ್ನ ಅಂಗೈ ಎತ್ತಿ ತೋರಿಸಿದಳು. ಸುಮ್ಮನೆ ಇಡು.

ರುತುಜಾ ಮಾವನ ಬೆನ್ನಿನ ಮೇಲೆ ಅಂಗೈ ಇಟ್ಟಳು. ಅಲ್ಲಪ್ಪನ ಮೀಸೆಯ ಕೆಳಗೆ ಏನೋ ಸಡಿಲವಾಯಿತು. ಅವನು ಕಣ್ಣು ತೆರೆಯಲಿಲ್ಲ.

"ಇಷ್ಟ ಲಗೂ ಬಂದ್ಯಾ, ತಂಗಿ?" ಎಂದ.